ಟಾರು ರಸ್ತೆಗೂ ತುರಹಳ್ಳಿ ಬಂಡೆಗೂ ಒಂದೇ ಸೈಕಲ್ ಸಾಕಾ?

ಪ್ರಶ್ನೆ: ನನ್ನ ಮನೆ ಬೆಂಗಳೂರಿನ ಬನಶಂಕರಿ ಆರನೇ ಹಂತದಲ್ಲಿದೆ. ಆಫೀಸ್ ಜಯನಗರ ನಾಲ್ಕನೇ ಬ್ಲಾಕ್ ಹತ್ತಿರ, ಒಂದು ಕಡೆಗೆ ಸುಮಾರು 11 ಕಿ.ಮೀ. ವಾರಕ್ಕೆ ನಾಲ್ಕು ದಿನ ಸೈಕಲ್‌ನಲ್ಲೇ ಹೋಗಿ ಬರಬೇಕು ಅಂತ ಆಸೆ. ಭಾನುವಾರ ತುರಹಳ್ಳಿ ಕಾಡಿನ ಕಡೆ ಮಣ್ಣು ದಾರಿಯಲ್ಲಿ ಓಡಿಸಬೇಕು. ಯಾವಾಗಲಾದರೂ ಮಂಚನಬೆಲೆ, ನಂದಿ ಬೆಟ್ಟಕ್ಕೂ ಹೋಗಬೇಕು. ನನ್ನ ಎತ್ತರ 5 ಅಡಿ 7 ಇಂಚು, ತೂಕ 78 ಕೆ.ಜಿ. ಬಜೆಟ್ 45 ಸಾವಿರ. ಅಂಗಡಿಯವರು ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ ತೋರಿಸಿದರು. ಗೆಳೆಯ ಹೈಬ್ರಿಡ್ (ರಸ್ತೆ ಸೈಕಲ್‌ಗೂ ಮೌಂಟನ್ ಬೈಕ್‌ಗೂ ನಡುವಿನದು) ತಗೋ ಅನ್ನುತ್ತಾನೆ. ಒಂದೇ ಸೈಕಲ್ ಎರಡಕ್ಕೂ ಆಗುತ್ತಾ? ಯಾವುದನ್ನು ತಗೊಳ್ಳಲಿ?

ಉತ್ತರ: ಆಗುತ್ತದೆ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್, ಅಂದರೆ ಹಾರ್ಡ್‌ಟೇಲ್ ತಗೊಳ್ಳಿ. ಚಕ್ರ 29 ಇಂಚು ಇರಲಿ. ಬ್ರೇಕ್ ಹೈಡ್ರಾಲಿಕ್ ಡಿಸ್ಕ್, ಅಂದರೆ ಎಣ್ಣೆಯ ಒತ್ತಡದಿಂದ ಹಿಡಿಯುವುದು ಇರಲಿ. ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪು ಫ್ರೀವೀಲ್ ಬೇಡ, ಕ್ಯಾಸೆಟ್ ಇರಲಿ. ಇದರ ಜೊತೆಗೆ ಹಿಂದಿನ ಟೈರ್‌ಗೆ ಅಂತಲೇ ಎರಡು ಮೂರು ಸಾವಿರ ಬೇರೆ ಎತ್ತಿಡಿ. ಉತ್ತರ ಇಷ್ಟೇ. ಆದರೆ ಅಂಗಡಿಯಲ್ಲಿ ನಿಂತಾಗ ನಿಮಗೆ ಬೇಕಾಗುವುದು ಯಾಕೆ ಅನ್ನುವ ಮಾತು. ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಲೆಕ್ಕ ಹಾಕೋಣ. ದಿನಕ್ಕೆ 22 ಕಿ.ಮೀ., ವಾರಕ್ಕೆ ನಾಲ್ಕು ದಿನ, ಅಲ್ಲಿಗೆ 88 ಕಿ.ಮೀ. ಟಾರು ರಸ್ತೆ. ಭಾನುವಾರ ಮಣ್ಣಿನಲ್ಲಿ ಎಷ್ಟೇ ಸುತ್ತಿದರೂ ಹತ್ತು ಹನ್ನೆರಡು ಕಿ.ಮೀ. ಆದೀತು. ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಟಾರು. ಹೀಗೆ ನೋಡಿದರೆ ಗೆಳೆಯ ಹೇಳಿದ್ದೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಸೈಕಲ್‌ನ ಶಕ್ತಿ ಪರೀಕ್ಷೆ ಆಗುವುದು ಉಳಿದ ಆ ಒಂದು ಪಾಲಿನಲ್ಲಿ. ಆಕ್ಸಲ್ (ಚಕ್ರದ ನಡುವಿನ ಕಂಬಿ) ಬಗ್ಗುವುದು, ರಿಮ್ ಸೊಟ್ಟ ಆಗುವುದು, ಬ್ರೇಕ್ ಹಿಡಿಯದೆ ಎದೆ ಝಲ್ಲೆನ್ನುವುದು ಎಲ್ಲ ಅಲ್ಲೇ. ಆದ್ದರಿಂದ ಫ್ರೇಮು, ಬ್ರೇಕು, ಚಕ್ರ ಇವನ್ನು ಬೆಟ್ಟದ ಲೆಕ್ಕದಲ್ಲಿ ಆರಿಸಿ. ಟೈರನ್ನು ಮಾತ್ರ ರಸ್ತೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಆರಿಸಿ. ಟೈರ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಫ್ರೇಮ್ ಬದಲಾಯಿಸುವುದು ಅಂದರೆ ಹೊಸ ಸೈಕಲ್ ಕೊಂಡ ಹಾಗೆಯೇ.

ತುರಹಳ್ಳಿಯ ನೆಲ ಹೇಗಿದೆ ನೋಡಿ. ಮೇಲೆ ಬಂಡೆ. ಲಾಲ್‌ಬಾಗಿನ ಬಂಡೆಯ ಹಾಗೆ ಹಳೆಯ, ಒರಟು ಕಲ್ಲು. ಒಣಗಿದ್ದಾಗ ಅದರ ಹಿಡಿತ ಅದ್ಭುತ, ಉಪ್ಪುಕಾಗದದ ಮೇಲೆ ರಬ್ಬರ್ ಉಜ್ಜಿದ ಹಾಗೆ. ತೊಂದರೆ ಬಂಡೆಯದಲ್ಲ, ಬಂಡೆ ಮುಗಿದು ಮಣ್ಣು ಶುರುವಾಗುವ ಜಾಗದ್ದು. ಅಲ್ಲಿ ಗಟ್ಟಿ ಕೆಂಪು ನೆಲದ ಮೇಲೆ ಗರಸು ಹರಡಿಕೊಂಡಿರುತ್ತದೆ. ಕಾಳಿನಷ್ಟು ದಪ್ಪದ ಕಲ್ಲಿನ ಚೂರುಗಳು. ರಾಗಿ ಚೆಲ್ಲಿದ ಸಿಮೆಂಟ್ ನೆಲದ ಮೇಲೆ ಕಾಲಿಟ್ಟ ಹಾಗೆ ಟೈರ್ ಸರ್ ಅಂತ ಜಾರುತ್ತದೆ. ಮಳೆಗಾಲದಲ್ಲಿ ನೀರು ಹರಿದು ಆದ ಕೊರಕಲುಗಳು ಬೇರೆ. ಕೆಲವು ಕಡೆ ಮರದ ಬೇರು, ಒಣಗಿದ ನೀಲಗಿರಿ ಎಲೆ, ಅದರ ಮೇಲೆ ಜಾಲಿ ಮುಳ್ಳು. ಸೈಕಲ್ ಆರಿಸುವಾಗ ಕ್ಯಾಟಲಾಗಿನಲ್ಲಿರುವ ಹಿಮಾಲಯದ ಫೋಟೋ ನೋಡಬೇಡಿ. ಈ ಗರಸನ್ನು ನೆನಪಿಸಿಕೊಳ್ಳಿ.

ಈಗ ಗೆಳೆಯನ ಹೈಬ್ರಿಡ್ ವಿಷಯ. ಹೈಬ್ರಿಡ್ ಕೆಟ್ಟ ಸೈಕಲ್ ಅಲ್ಲ. ಹಗುರ, ಟಾರಿನ ಮೇಲೆ ಸರಾಗವಾಗಿ ಓಡುತ್ತದೆ. ನೀವು ಮಣ್ಣು ದಾರಿ ಅಂದದ್ದು ಕೆರೆ ಏರಿ, ತೋಟದ ದಾರಿ, ಹೆಸರಘಟ್ಟದ ಕಡೆಯ ಸಮತಟ್ಟು ಕಚ್ಚಾ ರಸ್ತೆ ಇಷ್ಟೇ ಆಗಿದ್ದರೆ ನಾನೂ ಹೈಬ್ರಿಡ್ ಅಂತಲೇ ಹೇಳುತ್ತಿದ್ದೆ. ಆದರೆ ಅದರ ಟೈರ್ ಸಾಮಾನ್ಯವಾಗಿ 35ರಿಂದ 42 ಮಿಲಿಮೀಟರ್ ಅಗಲ. ಮುಂದೆ ಸಸ್ಪೆನ್ಷನ್ ಇದ್ದರೂ ಐದಾರು ಸೆಂಟಿಮೀಟರ್ ಮಾತ್ರ ಆಡುತ್ತದೆ. ಮುಂದಿನ ಚಕ್ರ ನಿಮ್ಮ ಕೈಗೆ ಹತ್ತಿರ ಇರುವುದರಿಂದ ಇಳಿಜಾರಿನಲ್ಲಿ ಒಂದು ಮೆಟ್ಟಿಲು ಕಲ್ಲು ಸಿಕ್ಕಿದರೆ ಭಾರವೆಲ್ಲ ಮುಂದಕ್ಕೆ ಬಂದುಬಿಡುತ್ತದೆ. ತುರಹಳ್ಳಿ ಇಳಿಜಾರಿಗೆ ಅದು ಸರಿಹೋಗುವುದಿಲ್ಲ. ನೀವು ಬಂಡೆಯ ದಾರಿಗೆ ಹೋಗುವವರೇ ಅಂತ ನಿಮ್ಮ ಪ್ರಶ್ನೆ ಓದಿದರೆ ಗೊತ್ತಾಗುತ್ತದೆ.

ಅಂಗಡಿಯವರು ತೋರಿಸಿದ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ ಬಗ್ಗೆ ನನ್ನ ಮಾತು ನೇರವಾಗಿಯೇ ಇದೆ. ಈ ಬೆಲೆಗೆ ಅದು ಬೇಡ. ಒಳ್ಳೆಯ ಫುಲ್ ಸಸ್ಪೆನ್ಷನ್ ಸೈಕಲ್ ಲಕ್ಷ ರೂಪಾಯಿಯ ಒಳಗೆ ಹೊಸದಾಗಿ ಸಿಗುವುದು ತುಂಬಾ ಕಷ್ಟ. 30–40 ಸಾವಿರಕ್ಕೆ ಸಿಗುವುದರಲ್ಲಿ ಹಿಂದೆ ಇರುವುದು ಬರೀ ಒಂದು ಸ್ಪ್ರಿಂಗ್. ಸ್ಪ್ರಿಂಗ್ ಕುಗ್ಗಿ ಮೇಲೆ ಏಳುವಾಗ ಅದನ್ನು ತಡೆದು ನಿಧಾನ ಮಾಡುವ ಎಣ್ಣೆ ಡ್ಯಾಂಪರ್ ಇರುವುದಿಲ್ಲ. ಪೆಡಲ್ ತುಳಿದಾಗಲೆಲ್ಲ ಸೈಕಲ್ ಮೇಲೆ ಕೆಳಗೆ ಕುಣಿಯುತ್ತದೆ. ನಿಮ್ಮ ಕಾಲಿನ ಶಕ್ತಿ ಚಕ್ರಕ್ಕೆ ಹೋಗದೆ ಸ್ಪ್ರಿಂಗಿಗೆ ಹೋಗುತ್ತದೆ. ತೂಕ 17–18 ಕೆ.ಜಿ. ಇರುತ್ತದೆ. ಇದನ್ನು ತುಳಿದುಕೊಂಡು ಬನಶಂಕರಿ ದೇವಸ್ಥಾನದ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿರುತ್ತೀರಿ. ಒಂದು ವರ್ಷ ಕಳೆದ ಮೇಲೆ ಕೀಲುಗಳ ಬುಷ್ ಸವೆದು ಟಕ ಟಕ ಶಬ್ದ ಶುರು. ಆ ಬುಷ್ ಸಿಗುವುದೂ ಕಷ್ಟ. ಅದೇ ಹಣಕ್ಕೆ 14–15 ಕೆ.ಜಿ. ತೂಕದ ಗಟ್ಟಿ ಹಾರ್ಡ್‌ಟೇಲ್ ಬರುತ್ತದೆ.

ಈಗ ಟೈರ್‌ಗೆ ಬರೋಣ. ಎರಡೂ ಕೆಲಸಕ್ಕೆ ಒಂದೇ ಸೈಕಲ್ ಅಂದಾಗ ಮುಕ್ಕಾಲು ಭಾಗ ತೀರ್ಮಾನ ಆಗುವುದು ಇಲ್ಲೇ.

ಹೊಸ ಮೌಂಟನ್ ಬೈಕ್ ಜೊತೆ ಬರುವ ಟೈರ್ ಮೇಲೆ ದೊಡ್ಡ ದೊಡ್ಡ ಗಂಟುಗಳು ದೂರ ದೂರ ಇರುತ್ತವೆ. ನೋಡಲು ಚೆನ್ನ. ಮೆತ್ತನೆ ಮಣ್ಣಿನಲ್ಲಿ ಅವು ಉಗುರಿನ ಹಾಗೆ ಕಚ್ಚುತ್ತವೆ. ಟಾರಿನ ಮೇಲೆ ಕಚ್ಚಲು ಏನೂ ಇಲ್ಲ. ಅಲ್ಲಿ ಪ್ರತಿ ಗಂಟೂ ನಿಮ್ಮ ಭಾರಕ್ಕೆ ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಹೀಗೆ ಬಗ್ಗಿ ಏಳುವುದರಲ್ಲೇ ಶಕ್ತಿ ಹಾಳಾಗುತ್ತದೆ. ಗುಂಯ್ ಅಂತ ಬರುವ ಶಬ್ದ ಅದೇ. ತಿರುವಿನಲ್ಲಿ ಇದು ಇನ್ನೂ ಕೆಟ್ಟದು. ಸೈಕಲ್ ವಾಲಿದಾಗ ಭಾರ ಅಂಚಿನ ಉದ್ದ ಗಂಟುಗಳ ಮೇಲೆ ಬೀಳುತ್ತದೆ, ಅವು ಮಡಚಿಕೊಳ್ಳುತ್ತವೆ. ಒಂದು ಮಳೆಗಾಲದ ಸಂಜೆ ಕನಕಪುರ ರಸ್ತೆಯ ಮೆಟ್ರೋ ಕಂಬಗಳ ಪಕ್ಕ ಬರುತ್ತಿದ್ದೆ. ಹೊಸದಾಗಿ ಬಳಿದ ಬಿಳಿ ಪಟ್ಟಿಯ ಮೇಲೆ ತಿರುಗಿಸಿದೆ. ಮುಂದಿನ ಟೈರ್ ಹಿಡಿತ ಬಿಟ್ಟಿತು. ಮೊಣಕೈ ತರಚಿತು. ಹಿಂದೆ ಬರುತ್ತಿದ್ದ ಆಟೋದವರು ದೂರದಲ್ಲೇ ಬ್ರೇಕ್ ಹಾಕಿದ್ದರಿಂದ ಅಷ್ಟಕ್ಕೇ ಮುಗಿಯಿತು. ಆವತ್ತಿನಿಂದ ನಾನು ಟೈರ್ ಬಗ್ಗೆ ಜಾಸ್ತಿ ಯೋಚನೆ ಮಾಡುತ್ತೇನೆ.

ನಿಮಗೆ ಬೇಕಾದ ಟೈರ್ ಹೀಗಿರಬೇಕು. ನಡುವಿನ ಸಾಲಿನಲ್ಲಿ ಗಂಟುಗಳು ಚಿಕ್ಕವು, ಒಂದಕ್ಕೊಂದು ಒತ್ತಿಕೊಂಡಿರಬೇಕು. ಹೆಬ್ಬೆರಳನ್ನು ನಡುವಿನ ಉದ್ದಕ್ಕೆ ಎಳೆದು ನೋಡಿ. ಬೆರಳು ಹೆಚ್ಚು ಎಡವದೆ ಹೋಗಬೇಕು. ಅಂಚಿನ ಕಡೆ ಗಂಟುಗಳು ಸ್ವಲ್ಪ ಬಿಡಿಬಿಡಿಯಾಗಿ, ಎದ್ದು ಕಾಣುವ ಹಾಗೆ ಇರಬೇಕು. ರಸ್ತೆಯಲ್ಲಿ ನೇರ ಹೋಗುವಾಗ ನಡು ಓಡುತ್ತದೆ, ಗರಸಿನಲ್ಲಿ ವಾಲಿದಾಗ ಅಂಚು ಕಚ್ಚುತ್ತದೆ. ಶ್ವಾಲ್ಬೆಯ ಸ್ಮಾರ್ಟ್ ಸ್ಯಾಮ್, ಕಾಂಟಿನೆಂಟಲ್‌ನ ರೇಸ್ ಕಿಂಗ್, ಮ್ಯಾಕ್ಸಿಸ್‌ನ ಐಕಾನ್ ಇವೆಲ್ಲ ಈ ಜಾತಿಯವು. ಅಗಲ 2.1ರಿಂದ 2.25 ಇಂಚು ಸಾಕು. 2.4 ಬೇಡ, ಆಫೀಸಿನ ದಾರಿಗೆ ಭಾರ ಆಗುತ್ತದೆ.

ಎರಡು ಚಕ್ರಕ್ಕೂ ಒಂದೇ ಟೈರ್ ಹಾಕಬೇಕು ಅಂತ ಏನೂ ಇಲ್ಲ. ಹಿಂದಿನ ಚಕ್ರ ಜಾರಿದರೆ ಸೈಕಲ್ ಸ್ವಲ್ಪ ಬಾಲ ಅಲ್ಲಾಡಿಸುತ್ತದೆ, ನೀವು ಸುಧಾರಿಸಿಕೊಳ್ಳುತ್ತೀರಿ. ಮುಂದಿನ ಚಕ್ರ ಜಾರಿದರೆ ಸುಧಾರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ, ನೆಲಕ್ಕೇ ಬೀಳುತ್ತೀರಿ. ಇನ್ನೊಂದು ಕಡೆ, ನಿಮ್ಮ ಭಾರದ ದೊಡ್ಡ ಪಾಲು ಇರುವುದು ಹಿಂದಿನ ಚಕ್ರದ ಮೇಲೆ. ರಸ್ತೆಯಲ್ಲಿ ಎಳೆತ ಜಾಸ್ತಿ ಆಗುವುದು ಅಲ್ಲೇ. ಆದ್ದರಿಂದ ಹಿಂದೆ ಸರಾಗ ಓಡುವ ಟೈರ್, ಮುಂದೆ ಅದಕ್ಕಿಂತ ಒಂದು ಹೆಜ್ಜೆ ಜಾಸ್ತಿ ಗಂಟಿರುವ ಟೈರ್. ನಾನು ವರ್ಷಗಳಿಂದ ಹೀಗೇ ಓಡಿಸುತ್ತಿದ್ದೇನೆ. ನೀವು ಕೊಂಡ ದಿನವೇ ಎರಡನ್ನೂ ಬದಲಾಯಿಸುವುದು ಬೇಡ. ಕಂಪನಿ ಕೊಟ್ಟ ಟೈರನ್ನು ಮುಂದೆ ಹಾಗೇ ಬಿಡಿ, ಹಿಂದಿನದು ಮಾತ್ರ ಬದಲಾಯಿಸಿ. ಎರಡು ಮೂರು ಸಾವಿರದಲ್ಲಿ ಆಫೀಸಿನ ದಾರಿ ಎಷ್ಟು ಹಗುರ ಆಯಿತು ಅಂತ ಮೊದಲ ದಿನವೇ ಗೊತ್ತಾಗುತ್ತದೆ.

ಗಾಳಿಯ ವಿಷಯ ಟೈರಿನಷ್ಟೇ ಮುಖ್ಯ, ಮತ್ತೆ ಇದಕ್ಕೆ ಹಣ ಬೇಡ. ನಿಮ್ಮ ತೂಕಕ್ಕೆ, ಟ್ಯೂಬ್ ಇರುವ 2.2 ಇಂಚಿನ ಟೈರ್‌ಗೆ ರಸ್ತೆಯಲ್ಲಿ 40ರಿಂದ 45 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿ. ಮಣ್ಣಿಗೆ ಇಳಿಯುವ ಮುಂಚೆ ಮುಂದೆ 27, ಹಿಂದೆ 30ಕ್ಕೆ ಇಳಿಸಿ. 45ರಲ್ಲಿ ಗರಸಿನ ಮೇಲೆ ಹೋದರೆ ಟೈರ್ ಚೆಂಡಿನ ಹಾಗೆ ಪುಟಿಯುತ್ತದೆ, ಹಿಡಿತ ಇರುವುದಿಲ್ಲ. 28ರಲ್ಲಿ ಆಫೀಸಿಗೆ ಹೋದರೆ ಯಾರೋ ಹಿಂದಿನಿಂದ ಎಳೆದ ಹಾಗೆ ಅನ್ನಿಸುತ್ತದೆ. ಟ್ಯೂಬ್ ಇರುವಾಗ 25ಕ್ಕಿಂತ ಕೆಳಗೆ ಹೋಗಬೇಡಿ. ಕಲ್ಲಿಗೆ ಬಡಿದಾಗ ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿಕೊಂಡು ಅಕ್ಕಪಕ್ಕ ಎರಡು ತೂತು ಬೀಳುತ್ತದೆ, ಹಾವು ಕಚ್ಚಿದ ಗುರುತಿನ ಹಾಗೆ. ಸುಮ್ನೆ ಬೆರಳಲ್ಲಿ ಒತ್ತಿ ಅಂದಾಜು ಮಾಡಬೇಡಿ, ಗೇಜ್ ಇರುವ ಪಂಪ್ ಮನೆಯಲ್ಲಿ ಇರಲಿ. ಪೆಟ್ರೋಲ್ ಬಂಕ್‌ನಲ್ಲಿ ತುಂಬಿಸುವುದಾದರೆ ಪಕ್ಕದಲ್ಲೇ ನಿಂತು ಎಷ್ಟು ಬೇಕು ಅಂತ ಹೇಳಿ. ಸೈಕಲ್ ಟ್ಯೂಬಿನಲ್ಲಿ ಹಿಡಿಯುವ ಗಾಳಿ ಕಡಿಮೆ, ಕ್ಷಣದಲ್ಲಿ ಮೇಲಕ್ಕೆ ಹೋಗಿಬಿಡುತ್ತದೆ.

ಜಾಲಿ ಮುಳ್ಳಿಗೆ ಟ್ಯೂಬ್‌ಲೆಸ್ ಒಳ್ಳೆಯ ಮದ್ದು. ಟೈರಿನ ಒಳಗೆ ಹಾಲಿನಂಥ ಸೀಲೆಂಟ್ ಹಾಕುತ್ತಾರೆ, ಮುಳ್ಳಿನ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದರೆ ರಿಮ್, ಟೈರ್ ಎರಡೂ ಅದಕ್ಕೆ ಹೊಂದಬೇಕು. ನಮ್ಮ ಸೆಕೆಗೆ ಎರಡು ಮೂರು ತಿಂಗಳಿಗೆ ಸೀಲೆಂಟ್ ಒಣಗುತ್ತದೆ, ಮತ್ತೆ ಹಾಕಬೇಕು. ಮೊದಲ ವರ್ಷ ಟ್ಯೂಬಿನಲ್ಲೇ ಓಡಿಸಿ. ಪಂಕ್ಚರ್ ಹಾಕುವುದನ್ನು ಕಲಿಯಲು ಅದು ಬೇಕು.

ಚಕ್ರದ ಅಳತೆ 29 ಅಂದೆ. 27.5 ಇಂಚು ತಪ್ಪಲ್ಲ, ತಿರುವುಗಳಲ್ಲಿ ಚುರುಕು. ಆದರೆ ದೊಡ್ಡ ಚಕ್ರ ಗುಂಡಿಯ ಒಳಕ್ಕೆ ಬೀಳುವುದು ಕಡಿಮೆ, ದಾಟಿಕೊಂಡು ಹೋಗುತ್ತದೆ. ಬೆಂಗಳೂರಿನ ರಸ್ತೆಗೆ ಈ ಒಂದು ಕಾರಣವೇ ಸಾಕು. ಇನ್ನೂ ಒಂದು ಲಾಭ ಇದೆ. 29 ಇಂಚಿನ ರಿಮ್ ಮತ್ತು ರಸ್ತೆ ಸೈಕಲ್‌ನ 700ಸಿ ರಿಮ್, ಟೈರ್ ಕೂರುವ ಜಾಗದಲ್ಲಿ ಎರಡೂ ಒಂದೇ ಅಳತೆ, 622 ಮಿಲಿಮೀಟರ್. ಅಂದರೆ ನಾಳೆ ನಿಮಗೆ ತುಂಬಾ ದೂರದ ಟಾರು ಪ್ರಯಾಣದ ಆಸೆ ಬಂದರೆ ಇದೇ ಚಕ್ರಕ್ಕೆ 40 ಮಿಲಿಮೀಟರ್‌ನ ನುಣುಪು ಟೈರ್ ಹಾಕಬಹುದು. 27.5ಕ್ಕೆ ಇಷ್ಟು ಆಯ್ಕೆ ಸಿಗುವುದಿಲ್ಲ. ಎತ್ತರ ತೀರಾ ಕಡಿಮೆ ಇದ್ದವರಿಗೆ 29 ದೊಡ್ಡದಾಗುತ್ತದೆ. ನಿಮ್ಮ 5 ಅಡಿ 7 ಇಂಚಿಗೆ ತೊಂದರೆ ಇಲ್ಲ.

ಈಗ ಅಂಗಡಿಯಲ್ಲಿ ಯಾರೂ ತಾವಾಗಿ ಹೇಳದ ಒಂದು ವಿಷಯ. ಹಿಂದಿನ ಹಲ್ಲುಚಕ್ರಗಳ ಗುಂಪು ಎರಡು ರೀತಿ ಇರುತ್ತದೆ, ಫ್ರೀವೀಲ್ ಮತ್ತು ಕ್ಯಾಸೆಟ್. ಹೊರಗಿನಿಂದ ಎರಡೂ ಒಂದೇ ಹಾಗೆ ಕಾಣುತ್ತವೆ. ಫ್ರೀವೀಲ್ ಇರುವ ಹಬ್‌ನಲ್ಲಿ, ಅಂದರೆ ಚಕ್ರದ ನಡುಭಾಗದಲ್ಲಿ, ಬಲಗಡೆಯ ಬೇರಿಂಗ್ ತುಂಬಾ ಒಳಗೆ ಕೂತಿರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್‌ಗೆ ಆಸರೆಯೇ ಇಲ್ಲ. ಕ್ಯಾಸೆಟ್ ಹಬ್‌ನಲ್ಲಿ ಬೇರಿಂಗ್ ಹೊರ ಅಂಚಿಗೆ ಬಂದಿರುತ್ತದೆ, ಆಸರೆ ಸಿಗುತ್ತದೆ. ನನ್ನ ಮೊದಲ ಗೇರ್ ಸೈಕಲ್‌ನಲ್ಲಿ ಫ್ರೀವೀಲ್ ಇತ್ತು. ದೊಡ್ಡ ಆಲದ ಮರ ದಾಟಿ ಮಂಚನಬೆಲೆ ಕಡೆ ಒಂದು ಕಚ್ಚಾ ದಾರಿಯಲ್ಲಿ ಇಳಿಯುತ್ತಿದ್ದೆ. ಒಂದು ಕಲ್ಲು ಚಪ್ಪಡಿಯಿಂದ ಗೇಣುದ್ದ ಕೆಳಗೆ ಚಕ್ರ ಇಳಿಯಿತು, ಅಷ್ಟೇ. ಆಮೇಲೆ ಟೈರ್ ಫ್ರೇಮಿಗೆ ಉಜ್ಜತೊಡಗಿತು. ಚಕ್ರ ಬಿಚ್ಚಿ ನೋಡಿದರೆ ಆಕ್ಸಲ್ ಬಾಳೆಹಣ್ಣಿನ ಹಾಗೆ ಬಗ್ಗಿತ್ತು. ನಾಲ್ಕು ಕಿ.ಮೀ. ತಳ್ಳಿಕೊಂಡು ಬಂದು ಗೂಡ್ಸ್ ಆಟೋ ಹಿಡಿದೆ. ಆಗ ನನ್ನ ತೂಕ ನಿಮ್ಮ ತೂಕಕ್ಕಿಂತ ಕಡಿಮೆ ಇತ್ತು.

ಹಿಂದೆ ಏಳು ಗೇರ್ ಇದ್ದರೆ ಅದು ಹೆಚ್ಚಾಗಿ ಫ್ರೀವೀಲ್. ಎಂಟು ಇದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು, ಕೇಳಿ ಖಚಿತ ಮಾಡಿಕೊಳ್ಳಿ. ಒಂಬತ್ತು ಅಥವಾ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಕ್ಯಾಸೆಟ್. ನಿಮ್ಮ ಬಜೆಟ್‌ನಲ್ಲಿ ಕ್ಯಾಸೆಟ್ ಇರುವ ಸೈಕಲ್ ಸಿಗುತ್ತದೆ. ಇದರಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ.

ಗೇರ್ ಎಷ್ಟಿರಬೇಕು? 21, 24, 27 ಅನ್ನುವ ಸಂಖ್ಯೆಗೆ ಮರುಳಾಗಬೇಡಿ. ನೋಡಬೇಕಾದದ್ದು ಎರಡೇ. ತೀರಾ ಹಗುರವಾದ ಗೇರ್ ಎಷ್ಟು ಹಗುರ, ತೀರಾ ಭಾರವಾದದ್ದು ಎಷ್ಟು ಭಾರ. ಮುಂದೆ 22 ಹಲ್ಲು, ಹಿಂದೆ 36 ಹಲ್ಲು ಸಿಕ್ಕಿದರೆ ತುರಹಳ್ಳಿ ಏರಿಗೂ, ನಂದಿಯ ಏಳೆಂಟು ಕಿ.ಮೀ. ಏರಿಗೂ ಸಾಕು. ಮುಂದೆ ಒಂದೇ ಹಲ್ಲುಚಕ್ರ ಇರುವ ಒನ್ ಬೈ ಸೈಕಲ್ ಸಿಕ್ಕಿದರೆ, ಮುಂದೆ 32, ಹಿಂದೆ 11ರಿಂದ 51 ಇದ್ದರೆ ಅದೂ ಹೆಚ್ಚು ಕಡಿಮೆ ಅಷ್ಟೇ ಹಗುರ. ಅದರಲ್ಲಿ ವೇಗ ಸಾಕಾಗುವುದಿಲ್ಲ ಅನ್ನುವ ಮಾತು ಕೇಳಿರಬಹುದು. ಲೆಕ್ಕ ಹಾಕಿ. 32ಕ್ಕೆ 11, 29 ಇಂಚಿನ ಚಕ್ರ, ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ ಸುಮಾರು 36 ಕಿ.ಮೀ. ಬೆಳಗ್ಗೆ ಸಾರಕ್ಕಿ ಸಿಗ್ನಲ್ ಸುತ್ತಮುತ್ತ ಇದಕ್ಕಿಂತ ವೇಗ ಯಾರಿಗೆ ಬೇಕು? ಆದರೆ 45 ಸಾವಿರದ ಒಳಗೆ ಹಿಂದೆ 51 ಹಲ್ಲಿನವರೆಗೆ ಇರುವ ಒನ್ ಬೈ ಅಪರೂಪ. ಮುಂದೆ ಎರಡು ಇರುವುದೇ ನಿಮಗೆ ಸಿಗುವುದು, ಅದು ಒಳ್ಳೆಯದೇ. ಗೇರ್ ಶಿಮಾನೋ ಕಂಪನಿಯದಾದರೆ ಆಲ್ಟಸ್, ಅಸೆರಾ ಮಟ್ಟ ಸಾಕು. ಅವರ ಕೆಳಗಿನ ಮಟ್ಟವಾದ ಟೂರ್ನಿಗಿಂತ ಮೇಲೆ ಇರಲಿ.

ಬ್ರೇಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೇಬಲ್ ಡಿಸ್ಕ್ ಕೆಲಸ ಮಾಡುತ್ತದೆ, ಆದರೆ ಕೆಂಪು ಮಣ್ಣು ಕೇಬಲ್ ಒಳಗೆ ಹೋಗಿ ಗಟ್ಟಿ ಆಗುತ್ತದೆ. ಉದ್ದ ಇಳಿಜಾರಿನಲ್ಲಿ ಬೆರಳು ಸೋಲುತ್ತದೆ. ಹೈಡ್ರಾಲಿಕ್‌ನಲ್ಲಿ ಒಂದು ಬೆರಳು ಸಾಕು. ಶಿಮಾನೋದ ಎಂಟಿ200 ಇಂಥ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬರುತ್ತದೆ, ಅಷ್ಟಿದ್ದರೆ ಸಾಕು. ಅದಕ್ಕೆ ಮಿನರಲ್ ಆಯಿಲ್ ಮಾತ್ರ ಹಾಕಬೇಕು. ಬೈಕಿನ ಡಾಟ್ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕ್ ಹಾಳಾಗುತ್ತದೆ. ಯಾವ ಮೆಕ್ಯಾನಿಕ್ ಮುಟ್ಟಿದರೂ ಇದನ್ನು ಒಂದು ಸಲ ಹೇಳಿ.

ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿಯುವ ಸಸ್ಪೆನ್ಷನ್ ಕಾಲುಗಳು, 100 ಮಿಲಿಮೀಟರ್ ಆಡುವುದು ಇರಲಿ, ಲಾಕೌಟ್ ಇರಲಿ. ಲಾಕೌಟ್ ಅಂದರೆ ಒಂದು ಗುಂಡಿ ತಿರುಗಿಸಿದರೆ ಫೋರ್ಕ್ ಗಟ್ಟಿ ಆಗುವುದು. ಆಫೀಸಿಗೆ ಹೋಗುವಾಗ, ನಿಂತು ತುಳಿಯುವಾಗ ಇದು ಬೇಕೇ ಬೇಕು. ಬಂಡೆಯ ಮೇಲೆ ಅದನ್ನು ಬಿಚ್ಚಲು ಮರೆಯಬೇಡಿ. ನಿಮ್ಮ ಬಜೆಟ್‌ಗೆ ಸಿಗುವುದು ಸ್ಪ್ರಿಂಗ್ ಫೋರ್ಕ್. ಸನ್‌ಟೂರ್ ಕಂಪನಿಯದಾದರೆ ಎಕ್ಸ್‌ಸಿಟಿ ಅಥವಾ ಎಕ್ಸ್‌ಸಿಎಂ. ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಪೂರ್ತಿ ಭಾರ ಹಾಕಿ ಒತ್ತಿ, ತಟ್ಟನೆ ಬಿಡಿ. ಅದು ನಿಧಾನವಾಗಿ ಮೇಲೆ ಬಂದರೆ ಸರಿ. ಟಕ್ ಅಂತ ಶಬ್ದ ಮಾಡಿ ಚಿಮ್ಮಿದರೆ ಕಲ್ಲಿನ ಮೇಲೆ ಅದು ನಿಮ್ಮ ಕೈಯನ್ನೇ ಒದೆಯುತ್ತದೆ. ಗಾಳಿ ಫೋರ್ಕ್ ಹಗುರ, ನಿಮ್ಮ ತೂಕಕ್ಕೆ ಸರಿಯಾಗಿ ಹೊಂದಿಸಬಹುದು. ಆದರೆ ಅದು ಸಿಗುವುದು ಸಾಮಾನ್ಯವಾಗಿ 60 ಸಾವಿರ ದಾಟಿದ ಮೇಲೆ.

ಇಲ್ಲಿ ಸೆಕೆಂಡ್ ಹ್ಯಾಂಡ್ ಮಾತು ಬರುತ್ತದೆ. 2020ರ ಲಾಕ್‌ಡೌನ್ ಸಮಯದಲ್ಲಿ ಈ ಊರಿನಲ್ಲಿ ಬೇಕಾದಷ್ಟು ಜನ ಒಳ್ಳೊಳ್ಳೆಯ ಸೈಕಲ್ ಕೊಂಡರು. ಅದರಲ್ಲಿ ಹಲವು ಬಾಲ್ಕನಿಯಲ್ಲಿ ಧೂಳು ಹಿಡಿದು ನಿಂತಿವೆ. 70–80 ಸಾವಿರದ ಸೈಕಲ್ ನಿಮ್ಮ ಬಜೆಟ್‌ಗೆ ಬರಬಹುದು. ಅಳತೆ ಸರಿ ಇದ್ದರೆ ನಾನು ಇದನ್ನೇ ಮೊದಲು ಹುಡುಕುತ್ತೇನೆ. ಮೂಲ ಬಿಲ್ ಕೇಳಿ, ಫ್ರೇಮಿನ ಕೆಳಗಿರುವ ನಂಬರ್ ಬಿಲ್‌ನಲ್ಲಿದೆಯಾ ನೋಡಿ. ಬಿಲ್ ಇಲ್ಲ ಅಂದರೆ ಬಿಟ್ಟುಬಿಡಿ, ಕದ್ದ ಸೈಕಲ್ ಯಾರಿಗೆ ಬೇಕು? ಫ್ರೇಮಿನ ಎರಡು ಕೊಳವೆ ಮುಂದೆ ಹ್ಯಾಂಡಲ್ ಕೆಳಗೆ ಸೇರುವ ಬೆಸುಗೆಯ ಹತ್ತಿರ ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ಕೂದಲೆಳೆ ಬಿರುಕು ಇದೆಯಾ ನೋಡಿ. ಫೋರ್ಕ್‌ನ ಹೊಳೆಯುವ ಕಾಲುಗಳ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಬೇಡ. ಟೈರು, ಚೈನು ಸವೆದಿದ್ದರೆ ಪರವಾಗಿಲ್ಲ, ಬೆಲೆ ಇಳಿಸಿ ಕೇಳಿ.

ಅಳತೆ ಅಂದೆ. ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ನಿಮಗೆ ಬಹುತೇಕ ಎಂ ಸೈಜ್ ಸರಿಹೋಗುತ್ತದೆ, ಆದರೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ಸೈಕಲ್ ಮೇಲಿನ ಕೊಳವೆಯ ಎರಡೂ ಕಡೆ ಕಾಲಿಟ್ಟು ನೆಲದ ಮೇಲೆ ನಿಲ್ಲಿ. ಕೊಳವೆಗೂ ನಿಮಗೂ ನಡುವೆ ಕಡಿಮೆ ಅಂದರೆ ಎರಡು ಇಂಚು ಜಾಗ ಇರಬೇಕು. ಆಮೇಲೆ ಕೂತು ಓಡಿಸಿ. ಮೊಣಕೈ ನೆಟ್ಟಗೆ ಚಾಚಿಕೊಂಡಿದ್ದರೆ ಸೈಕಲ್ ಉದ್ದ ಆಯಿತು. ಸೀಟ್ ಎತ್ತರಕ್ಕೆ, ಪೆಡಲ್ ಪೂರ್ತಿ ಕೆಳಗೆ ಇದ್ದಾಗ ಮೊಣಕಾಲು ಸ್ವಲ್ಪ ಮಾತ್ರ ಬಗ್ಗಿರಬೇಕು. ಇದು ರಸ್ತೆಯ ಎತ್ತರ. ಬಂಡೆ ಇಳಿಯುವಾಗ ಸೀಟನ್ನು ಮೂರು ನಾಲ್ಕು ಇಂಚು ಇಳಿಸಬೇಕು, ಆಗ ನೀವು ಹಿಂದಕ್ಕೆ ಸರಿಯಬಹುದು. ಅದಕ್ಕೆ ಸೀಟಿನ ಕೆಳಗೆ ಕೈಯಲ್ಲೇ ಬಿಚ್ಚುವ ಲಿವರ್ ಇದ್ದರೆ ಅನುಕೂಲ. ಸೀಟಿನ ಕೊಳವೆಯ ಮೇಲೆ ಬ್ಲೇಡಿನಿಂದ ಒಂದು ಚಿಕ್ಕ ಗುರುತು ಮಾಡಿಡಿ, ಪ್ರತಿ ಸಲ ಅಳೆಯುವ ಕೆಲಸ ತಪ್ಪುತ್ತದೆ.

ಹ್ಯಾಂಡಲ್ ಅಗಲ ಈಚಿನ ಸೈಕಲ್‌ಗಳಲ್ಲಿ 720ರಿಂದ 760 ಮಿಲಿಮೀಟರ್ ಇರುತ್ತದೆ. ಬಂಡೆಯ ಮೇಲೆ ಇದು ಧೈರ್ಯ ಕೊಡುತ್ತದೆ. ಬಸ್ಸಿಗೂ ಆಟೋಗೂ ನಡುವೆ ನುಗ್ಗುವಾಗ ಕಷ್ಟ ಕೊಡುತ್ತದೆ. ನುಗ್ಗಬೇಡಿ. ತೀರಾ ಅಗಲ ಅನ್ನಿಸಿದರೆ ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಕತ್ತರಿಸಿಕೊಳ್ಳಬಹುದು. ಒಂದು ತಿಂಗಳು ಓಡಿಸಿದ ಮೇಲೆ ತೀರ್ಮಾನ ಮಾಡಿ.

ಆಫೀಸಿಗೆ ಹೋಗುವವರು ಮರೆಯುವ ಇನ್ನೊಂದು ವಿಷಯ, ಫ್ರೇಮಿನ ಹಿಂದೆ ಕ್ಯಾರಿಯರ್, ಮಡ್‌ಗಾರ್ಡ್ ಹಾಕಲು ಸ್ಕ್ರೂ ತೂತು ಇದೆಯಾ ಅನ್ನುವುದು. ಇದ್ದರೆ ಬೆನ್ನ ಮೇಲೆ ಲ್ಯಾಪ್‌ಟಾಪ್ ಹೊರುವುದು ತಪ್ಪುತ್ತದೆ. ಮಳೆಯಲ್ಲಿ ಅಂಗಿಯ ಹಿಂದೆ ಕೆಸರಿನ ಗೆರೆ ಬೀಳುವುದೂ ತಪ್ಪುತ್ತದೆ.

45 ಸಾವಿರವನ್ನು ಪೂರ್ತಿ ಸೈಕಲ್‌ಗೇ ಹಾಕಬೇಡಿ. 36–37 ಸಾವಿರದೊಳಗೆ ಸೈಕಲ್ ಮುಗಿಸಿ. ಅಲ್ಲಿಗೆ ಎಂಟು ಸಾವಿರದಷ್ಟು ಉಳಿಯುತ್ತದೆ. ಅದರಲ್ಲಿ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್, ಹಿಂದಿನ ಟೈರ್, ಮುಂದೆ ಹಿಂದೆ ಲೈಟ್, ಗಟ್ಟಿ ಬೀಗ, ಗೇಜ್ ಪಂಪ್. ಮುಂದಿನ ಟೈರ್ ಸವೆಯುವಷ್ಟರಲ್ಲಿ ಇನ್ನೊಂದು ಸಂಬಳ ಬಂದಿರುತ್ತದೆ.

ಮನೆಗೆ ತಂದ ಮೇಲೆ ಒಂದು ಕೆಲಸ ಮಾಡಬೇಡಿ. ಕೆಸರಾಯಿತು ಅಂತ ಬೈಕ್ ವಾಟರ್ ಸರ್ವಿಸ್ ಅಂಗಡಿಗೆ ಒಯ್ಯಬೇಡಿ. ಆ ನೀರಿನ ಒತ್ತಡ ಹಬ್‌ನ, ಪೆಡಲ್ ಆಕ್ಸಲ್‌ನ ಸೀಲ್ ದಾಟಿ ಒಳಗಿನ ಗ್ರೀಸನ್ನೆಲ್ಲ ತೊಳೆದುಬಿಡುತ್ತದೆ. ಒಂದು ಬಕೆಟ್ ನೀರು, ಹಳೆಯ ಟೂತ್‌ಬ್ರಷ್, ಒಂದು ಚಿಂದಿ ಬಟ್ಟೆ ಸಾಕು. ಕೆಂಪು ಮಣ್ಣು ಒಣಗಿದ ಮೇಲೆ ಮುಕ್ಕಾಲು ಭಾಗ ತಾನಾಗಿಯೇ ಉದುರುತ್ತದೆ. ಚೈನ್ ಒರೆಸಿ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಒರೆಸಿ. ಹೊರಗೆ ಎಣ್ಣೆ ಉಳಿದರೆ ಅದಕ್ಕೆ ಗರಸು ಅಂಟಿ ಚೈನನ್ನೇ ತಿನ್ನುತ್ತದೆ. ಬ್ರೇಕ್ ಡಿಸ್ಕ್‌ಗೆ ಎಣ್ಣೆ ತಾಗದ ಹಾಗೆ ನೋಡಿಕೊಳ್ಳಿ.

ಮೊದಲ ನೂರು, ನೂರೈವತ್ತು ಕಿ.ಮೀ. ಆದ ಮೇಲೆ ಗೇರ್ ಕೇಬಲ್ ಸಡಿಲ ಆಗಿರುತ್ತದೆ, ಚಕ್ರದ ಕಡ್ಡಿಗಳೂ ಸ್ವಲ್ಪ ಸಡಿಲ ಆಗಿರುತ್ತವೆ. ನಿಮ್ಮ ಲೆಕ್ಕದಲ್ಲಿ ಅದು ಎರಡನೇ ವಾರ. ಅಂಗಡಿಗೆ ಒಯ್ದು ಎರಡನ್ನೂ ಬಿಗಿ ಮಾಡಿಸಿ.

ತುರಹಳ್ಳಿಗೆ ಹೋಗುವ ಮುಂಚೆ ಅದು ಅರಣ್ಯ ಇಲಾಖೆಯ ಜಾಗ ಅನ್ನುವುದು ನೆನಪಿರಲಿ. ಸಮಯ ಏನು, ಸೈಕಲ್ ಬಿಡುತ್ತಾರಾ, ಬಿಟ್ಟರೆ ಎಲ್ಲಿವರೆಗೆ ಅಂತ ಗೇಟಿನಲ್ಲಿ ಕೇಳಿಕೊಳ್ಳಿ. ಆ ಕಡೆ ಚಿರತೆ ಕಂಡ ಸುದ್ದಿ ಆಗಾಗ ಬರುತ್ತದೆ, ಕತ್ತಲಾಗುವ ಹೊತ್ತಿಗೆ ಒಬ್ಬರೇ ಇರಬೇಡಿ. ಜೋರು ಮಳೆ ಬಂದ ಮಾರನೇ ದಿನವೂ ಬೇಡ. ಅಂಟು ಮಣ್ಣು ಚಕ್ರಕ್ಕೂ ಫ್ರೇಮಿಗೂ ನಡುವೆ ತುಂಬಿ ಸೈಕಲ್ ಮುಂದಕ್ಕೆ ಹೋಗುವುದಿಲ್ಲ. ನೀವು ಬಿಟ್ಟ ಗೆರೆಯಲ್ಲೇ ನೀರು ಹರಿದು ಕೊರಕಲು ಬೀಳುತ್ತದೆ. ಒಣಗಿದ ಭಾನುವಾರ ಬೆಳಗ್ಗೆ ಬೇಗ ಹೋಗಿ. ಒಳಗೆ ಹೋಗುವ ಮುಂಚೆ ಗಾಳಿ ಇಳಿಸಿ, ಸೀಟ್ ಇಳಿಸಿ, ಫೋರ್ಕ್ ಲಾಕ್ ಬಿಚ್ಚಿ. ಮೊದಲ ಸುತ್ತಿನಲ್ಲಿ ಬಂಡೆಯ ಇಳಿಜಾರನ್ನು ನಡೆದುಕೊಂಡೇ ಇಳಿಯಿರಿ. ಗರಸು ಎಲ್ಲೆಲ್ಲಿ ಇದೆ ಅಂತ ನೋಡಿಕೊಂಡು, ಎರಡನೇ ಸುತ್ತಿನಲ್ಲಿ ಸೈಕಲ್ ಹತ್ತಿ.